ಎಳೆಯ ಮಗುವಿನ ದಿನಚರಿ: ಅಬ್ಬಿಗೆರೆಯ ಸಂದರ್ಭದಲ್ಲಿ ಒಂದು ವಿವೇಚನೆ

ಒಂದು ವರ್ಷ ತುಂಬಿ ಮೂರು ವರ್ಷ ಮುಗಿಯುವವರೆಗಿನ ಮಗುವಿನ ಊಟ, ಆಟ, ನಿದ್ರೆಗಳು ದಿನದಿನವೂ ಒಂದೇ ಕ್ರಮದಲ್ಲಿ ನಡೆಯುವುದನ್ನು ನಾವು ಇಲ್ಲಿ ದಿನಚರಿಯೆಂದು ಕರೆಯುತ್ತೇವೆ. ಈ ವಯಸ್ಸಿನ ಮಗುವಿಗೆ ಗಡಿಯಾರದ ಅರಿವಿಲ್ಲ. ಒಂದಾದ ಮೇಲೊಂದು ಬರುವ ಕಾರ್ಯಗಳ ಅನುಕ್ರಮವೇ ಅದಕ್ಕೆ ಗಡಿಯಾರ. ಊಟವಾದ ಮೇಲೆ ಜೋಗುಳವೆಂಬುದು ಮನಸ್ಸಿನಲ್ಲಿ ನೆಲೆಗೊಂಡರೆ, ಮುಂದೇನು ನಡೆಯುವುದೆಂಬುದನ್ನು ಮಗು ತಾನೇ ನಿರೀಕ್ಷಿಸುತ್ತದೆ. ಹಟವೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಅಬ್ಬಿಗೆರೆಯಂಥ ಸ್ಥಳದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವುಂಟು. ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿ ಚಿಕ್ಕಬಾಣಾವರಗಳ ನೆರೆಯಲ್ಲಿರುವ ಈ ಊರು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಸಮೀಪವಾದುದು. ತಾಯಿತಂದೆಗಳಿಬ್ಬರೂ ಕಾರ್ಖಾನೆಗೆ ಹೋಗುವ ಮನೆಯಲ್ಲಿ ಮಗು ಹಗಲೆಲ್ಲ ಅಜ್ಜಿಯ ಬಳಿಯಲ್ಲೋ ನೆರೆಯವರ ಬಳಿಯಲ್ಲೋ ಇರುತ್ತದೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಶಾಲಾಪೂರ್ವ ಶಿಕ್ಷಣವನ್ನು ಕೊಡುವುದು 3ರಿಂದ 6 ವರ್ಷದವರಿಗೆ. ಅದಕ್ಕಿಂತ ಎಳೆಯರಿಗೆ ಪೂರಕ ಆಹಾರ, ತೂಕದ ಪರೀಕ್ಷೆ ಮೊದಲಾದ ಸೇವೆಗಳು ದೊರೆತರೂ, ಹಗಲಿನ ಪಾಲನೆ ಬಹುಮಟ್ಟಿಗೆ ಮನೆಯ ಹೊಣೆಯಾಗಿಯೇ ಉಳಿದಿದೆ. ಆದುದರಿಂದ ದಿನಚರಿಯನ್ನು ಇಬ್ಬರು ಮೂವರು ಸೇರಿ ನಡೆಸಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಸೂಚನೆಗಳಂತೆ, ಒಂದೆರಡು ವರ್ಷದ ಮಕ್ಕಳಿಗೆ ಹಗಲುನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ರೆಯೂ, ಕನಿಷ್ಠ 180 ನಿಮಿಷಗಳ ಓಡಾಟವೂ ಬೇಕು. ಬೆಳಗ್ಗೆ 6.30ಕ್ಕೆ ಏಳುವ ಎರಡು ವರ್ಷದ ಮಗುವೊಂದನ್ನು ಭಾವಿಸೋಣ. ಅದು ಮಧ್ಯಾಹ್ನ 1ರಿಂದ 3ರವರೆಗೆ ಮಲಗಿ, ರಾತ್ರಿ 8.30ಕ್ಕೆ ನಿದ್ರೆಹೋದರೆ ಒಟ್ಟು 12 ಗಂಟೆಗಳಾಗುತ್ತವೆ. ಹಗಲುನಿದ್ರೆ ಸಂಜೆ 4ರಿಂದ 6ರವರೆಗೆ ಜಾರಿ, ಅದರಿಂದಾಗಿ ರಾತ್ರಿ 10.30ರವರೆಗೂ ಮಗು ಎಚ್ಚರವಾಗಿದ್ದರೆ, ದೊರೆಯುವುದು 10 ಗಂಟೆ ಮಾತ್ರ. ರಾತ್ರಿ ತಾಯಿಯನ್ನು ಕಾಡುವ ತೊಂದರೆಯ ಮೂಲ ಹೀಗೆ ಹಗಲಿನಲ್ಲಿರಬಹುದು. ಮಗು ಎಷ್ಟು ಹೊತ್ತಿಗೆ ಉಂಡಿತು, ಎಷ್ಟು ಹೊತ್ತಿಗೆ ಮಲಗಿತು ಎಂಬ ಎರಡು ಮಾತುಗಳನ್ನು ಅಜ್ಜಿ ಸಂಜೆ ತಾಯಿಗೆ ತಿಳಿಸುವುದು ಅತ್ಯಾವಶ್ಯಕ.

ದುಡಿದು ಬಂದ ತಾಯಿಗೆ ಮಗುವಿನೊಡನೆ ಆಡಬೇಕೆಂಬ ಆಸೆ ಸಹಜವಾದುದು. ಅದನ್ನು ನಿದ್ರೆಗಾಗಿ ಬಲಿಗೊಡಬೇಕಾಗಿಲ್ಲ. ಆಟವನ್ನು ಊಟಕ್ಕೆ ಮೊದಲು ಇಟ್ಟುಕೊಂಡು, ಊಟದ ಬಳಿಕ ದೀಪ ತಗ್ಗಿಸಿ, ಮೊಬೈಲನ್ನು ದೂರವಿಟ್ಟು ಕಥೆ ಹೇಳಿದರೆ ಎರಡೂ ಸಾಧ್ಯ. ದೇಹದೊಳಗಿನ ಕಾಲಮಾನವನ್ನು ತಿದ್ದುವ ಮುಖ್ಯ ಸಾಧನ ಬೆಳಕು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರ. ಆದ ಕಾರಣ ಬೆಳಗಿನ ಬಿಸಿಲಿನಲ್ಲಿ ಆಡಿಸುವ ಕ್ರಮವನ್ನು ಇಲ್ಲಿ ವರ್ಷವಿಡೀ ಪಾಲಿಸಬಹುದು.

ಊಟದ ವಿಷಯದಲ್ಲಿಯೂ ಇದೇ ನ್ಯಾಯ. ರಾಗಿ ಸರಿ, ಬೇಳೆಯನ್ನ, ಮೊಸರನ್ನಗಳಂಥ ಆಹಾರವನ್ನು ದಿನಕ್ಕೆ ಮೂರು ನಾಲ್ಕು ಸಲ ಗೊತ್ತಾದ ವೇಳೆಗೆ ಕೊಟ್ಟು, ನಡುವೆ ಒಂದೆರಡು ಬಾರಿ ಹಣ್ಣನ್ನೋ ಲಘು ತಿಂಡಿಯನ್ನೋ ಕೊಡಬಹುದು. ಕೆಟ್ಟ ರೂಢಿಯನ್ನು ತಿದ್ದುವಾಗ ಮಲಗುವ ಹೊತ್ತನ್ನು ಕೆಲವು ದಿನಗಳಿಗೊಮ್ಮೆ ಹದಿನೈದು ನಿಮಿಷದಷ್ಟು ಹಿಂದಕ್ಕೆ ತರುವುದು ಲೇಸು. ಜ್ವರವೋ ಹಬ್ಬವೋ ಬಂದು ಕ್ರಮ ತಪ್ಪಿದರೆ ಗಾಬರಿಗೆ ಕಾರಣವಿಲ್ಲ. ಮರುದಿನ ಏಳುವ ವೇಳೆಯನ್ನು ಮೊದಲು ಸರಿಪಡಿಸಿದರೆ ಉಳಿದವು ಕ್ರಮೇಣ ಅದನ್ನು ಅನುಸರಿಸುತ್ತವೆ.