ಪ್ರತಿಭೆ ಇದೆ, ಪುರಾವೆ ಎಲ್ಲಿ?

ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಕಲಾವಿದರಿಗೂ ಒಂದು ದಾರಿಯಿದೆ. 1990ರ ವಲಸೆ ಕಾಯ್ದೆಯಿಂದ ಬಂದ ‘ಇಬಿ-1ಎ’ ವರ್ಗದಲ್ಲಿ ವಿಜ್ಞಾನಿ, ಉದ್ಯಮಿ, ಕ್ರೀಡಾಪಟುಗಳಂತೆ ಗಾಯಕರು, ನರ್ತಕರು, ಚಿತ್ರಕಾರರೂ ಅರ್ಜಿ ಹಾಕಬಹುದು. ತಮ್ಮದು ‘ಅಸಾಧಾರಣ ಸಾಮರ್ಥ್ಯ’ ಎಂದು ಸಾಬೀತುಪಡಿಸಬೇಕು. ಅಧಿಕಾರಿ ಹಾಡು ಕೇಳಿ, ಕುಣಿತ ನೋಡಿ ಅಂಕ ಕೊಡುವುದಿಲ್ಲ. ಜಗತ್ತು ಆ ಕಲೆಯನ್ನು ಎಷ್ಟು ಗುರುತಿಸಿದೆ ಎಂಬುದನ್ನು ಕಾಗದಪತ್ರಗಳಲ್ಲಿ ಹುಡುಕುತ್ತಾರೆ.

ತಪ್ಪು ಕಲ್ಪನೆ: ಆಸ್ಕರ್‌ನಂಥ ಪ್ರಶಸ್ತಿ ಇಲ್ಲದವರಿಗೆ ಅವಕಾಶವಿಲ್ಲ.

ಸತ್ಯ: ಅಂಥದ್ದೊಂದು ಇದ್ದರೆ ಹಾದಿ ಸಲೀಸು, ನಿಜ. ಇಲ್ಲದಿದ್ದರೆ ನಿಯಮ ಪಟ್ಟಿ ಮಾಡಿರುವ 10 ಬಗೆಯ ಪುರಾವೆಗಳಲ್ಲಿ ಕನಿಷ್ಠ 3 ಒದಗಿಸಬೇಕು. ರಾಷ್ಟ್ರಮಟ್ಟದ ಬಹುಮಾನ, ಕೃತಿಗಳ ಪ್ರದರ್ಶನ, ಹೆಸರಾಂತ ಸಂಸ್ಥೆಯಲ್ಲಿ ಪ್ರಮುಖ ಪಾತ್ರ, ತೀರ್ಪುಗಾರರಾಗಿ ಕೂತದ್ದು, ಟಿಕೆಟ್ ಅಥವಾ ಧ್ವನಿಮುದ್ರಿಕೆ ಮಾರಾಟದ ಲೆಕ್ಕ ಇವೆಲ್ಲ ಆ ಪಟ್ಟಿಯಲ್ಲಿವೆ.

ತಪ್ಪು ಕಲ್ಪನೆ: ಮೂರು ಪುರಾವೆ ಕೂಡಿಸಿದರೆ ಕೆಲಸ ಮುಗಿಯಿತು.

ಸತ್ಯ: ಅದು ಮೊದಲ ಮೆಟ್ಟಿಲು. ಕಝಾರಿಯನ್ ಎಂಬ ಭೌತವಿಜ್ಞಾನಿಯ ಪ್ರಕರಣದಲ್ಲಿ 2010ರಲ್ಲಿ ಬಂದ ತೀರ್ಪಿನ ಬಳಿಕ ವಲಸೆ ಇಲಾಖೆ ಎರಡು ಹಂತದ ಪರಿಶೀಲನೆ ಅಳವಡಿಸಿಕೊಂಡಿತು. ಎರಡನೆಯ ಹಂತದಲ್ಲಿ ಎಲ್ಲ ದಾಖಲೆ ಒಟ್ಟಿಗೆ ತೂಗಿ, ಅರ್ಜಿದಾರರು ತಮ್ಮ ಕ್ಷೇತ್ರದ ತುತ್ತತುದಿಯ ಕೆಲವೇ ಮಂದಿಯಲ್ಲಿ ಒಬ್ಬರೇ ಎಂದು ಕೇಳುತ್ತಾರೆ. ಊರ ಹಬ್ಬದ ನೃತ್ಯಸ್ಪರ್ಧೆಗೆ ತೀರ್ಪು ಕೊಟ್ಟದ್ದು ಅಲ್ಲಿ ಹೆಚ್ಚು ದೂರ ಬರದು.

ತಪ್ಪು ಕಲ್ಪನೆ: ಕನ್ನಡ ಪತ್ರಿಕೆಯ ಬರಹ ಲೆಕ್ಕಕ್ಕಿಲ್ಲ, ದೊಡ್ಡವರ ಶಿಫಾರಸು ಪತ್ರವಿದ್ದರೆ ಸಾಕು.

ಸತ್ಯ: ಭಾಷೆ ಯಾವುದಾದರೂ ಆಗಬಹುದು, ಮಾಧ್ಯಮ ಮಾತ್ರ ಪ್ರಮುಖವಾಗಿರಬೇಕು. ಯಕ್ಷಗಾನ ಕಲಾವಿದೆಯೊಬ್ಬರ ಕುರಿತು ರಾಜ್ಯಮಟ್ಟದ ದಿನಪತ್ರಿಕೆಯಲ್ಲಿ ಲೇಖನ ಬಂದಿದೆ ಎನ್ನಿ. ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಕಾಣುವ ಹಾಗೆ ಅದನ್ನು ಲಗತ್ತಿಸಬೇಕು. ಪತ್ರಿಕೆಯ ಪ್ರಸಾರ ಎಷ್ಟು ಎಂಬ ದಾಖಲೆ ಜೊತೆಗಿದ್ದರೆ ಒಳ್ಳೆಯದು. ಇಡೀ ಲೇಖನದ ಇಂಗ್ಲಿಷ್ ಅನುವಾದ ಬೇಕು. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ನಿಖರವಾಗಿದೆ ಎಂದು ಅನುವಾದಕರು ದೃಢೀಕರಿಸಬೇಕು. ಲೇಖನ ಇಡೀ ಮೇಳದ ಬಗ್ಗೆಯಿದ್ದು, ಆಕೆಯ ಹೆಸರು ಒಂದು ಸಾಲಿನಲ್ಲಿ ಹಾದುಹೋಗಿದ್ದರೆ ಪ್ರಯೋಜನ ಕಡಿಮೆ.

ಇನ್ನು ಹೊಗಳಿಕೆಯ ಪತ್ರಗಳು ಬೇರೆ ದಾಖಲೆಗಳಿಗೆ ಬೆಂಬಲವಾದಾವು, ಅವುಗಳ ಜಾಗ ತುಂಬಲಾರವು.

ತಪ್ಪು ಕಲ್ಪನೆ: ಅಲ್ಲಿಂದ ಕರೆಸಿಕೊಳ್ಳುವವರು ಇರಲೇಬೇಕು.

ಸತ್ಯ: ‘ಇಬಿ-1ಎ’ಗೆ ಕಲಾವಿದರೇ ಅರ್ಜಿ ಹಾಕಿಕೊಳ್ಳಬಹುದು, ಅಲ್ಲಿ ಹೋಗಿಯೂ ಅದೇ ಕಲೆಯಲ್ಲಿ ದುಡಿಯುವುದನ್ನು ತೋರಿಸಬೇಕು. ಸಂಘಟಕರೋ ಏಜೆಂಟರೋ ಬೇಕಾಗುವುದು ‘ಒ-1ಬಿ’, ‘ಪಿ-3’ ಎಂಬ ತಾತ್ಕಾಲಿಕ ವೀಸಾಗಳಿಗೆ. ಕನ್ನಡ ಕೂಟದ ವೇದಿಕೆಯಲ್ಲಿ ಪ್ರಸಂಗ ಆಡಿ ಮರಳುವ ತಂಡಕ್ಕೆ, ನಾಡಿನ ವಿಶಿಷ್ಟ ಕಲೆಗಳಿಗೆಂದೇ ಇರುವ ‘ಪಿ-3’ ಹೊಂದುತ್ತದೆ.

ತಪ್ಪು ಕಲ್ಪನೆ: ಅರ್ಜಿ ಒಪ್ಪಿಗೆಯಾದರೆ ಗ್ರೀನ್ ಕಾರ್ಡ್ ಕೈಗೆ ಬಂದಂತೆ.

ಸತ್ಯ: ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಒಂದೇ ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿಯಿರುವುದರಿಂದ ಭಾರತೀಯರು ಸರದಿಯಲ್ಲಿ ಕಾಯಬೇಕಾಗಬಹುದು. ಹಳೆಯ ಅಪರಾಧವೂ ಅಡ್ಡ ಬರಬಹುದು. ಬೀಟಲ್ಸ್ ತಂಡದ ಜಾನ್ ಲೆನನ್ ಅವರನ್ನು ಕಲೆಯಲ್ಲಿ ಶ್ರೇಷ್ಠರೆಂದು ವಲಸೆ ಇಲಾಖೆ 1972ರಲ್ಲೇ ಒಪ್ಪಿತ್ತು. ಆದರೂ 1968ರಲ್ಲಿ ಲಂಡನ್‌ನಲ್ಲಿ ಆದ ಗಾಂಜಾ ಪ್ರಕರಣದ ಶಿಕ್ಷೆಯನ್ನು ಮುಂದಿಟ್ಟು ಅವರನ್ನು ಗಡಿಪಾರು ಮಾಡಲು ಹೊರಟಿತು. 1975ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 1976ರ ಜುಲೈ 27ರಂದು ಗ್ರೀನ್ ಕಾರ್ಡ್ ಸಿಕ್ಕಿತು.