ಅನ್ನದೊಡನೆ ಆರ್ತಧ್ಯಾನ ಬೇಡ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಊಟದ ಹೊತ್ತನ್ನು ನಿರ್ಧರಿಸುವುದು ಹಸಿವಲ್ಲ, ಚಿನ್ನದ ಗಣಿಯ ಪಾಳಿ. ರಾತ್ರಿ ಪಾಳಿಗೆ ಭೂಗರ್ಭಕ್ಕಿಳಿಯುವವನು ಅವಸರದಲ್ಲಿ ಉಂಡು ಹೊರಡುತ್ತಾನೆ. ಅವನು ಮರಳುವವರೆಗೆ ಮನೆಯವರಿಗೆ ತುತ್ತು ರುಚಿಸದು. ಜೋಳದ ರೊಟ್ಟಿ ಅದೇ, ಪಲ್ಯ ಅದೇ. ಆದರೂ ಎದೆಯುರಿ, ಹೊಟ್ಟೆಯುಬ್ಬರ ಕಾಡುವುದುಂಟು. ಅನ್ನದೊಡನೆ ಚಿಂತೆಯೂ ಒಳಹೊಕ್ಕಿರುತ್ತದೆ.

ಜೈನಾಚಾರ್ಯರು ಇಂಥ ಚಿಂತೆಯನ್ನು ಆರ್ತಧ್ಯಾನವೆಂದು ಕರೆದರು. ಅದು ನಾಲ್ಕು ವಿಧ: ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ದೇಹದ ವೇದನೆ, ಮುಂದಿನ ಭೋಗದ ಬಯಕೆ. ಮನಸ್ಸು ಇವುಗಳಲ್ಲೊಂದಕ್ಕೆ ಅಂಟಿಕೊಂಡು ಅದನ್ನೇ ಮೆಲುಕು ಹಾಕುವುದು ಆರ್ತಧ್ಯಾನ. ಧ್ಯಾನವೆಂದರೆ ಏಕಾಗ್ರತೆ; ವ್ಯಥೆಯಲ್ಲಿಯೂ ಏಕಾಗ್ರತೆಯುಂಟೆಂಬುದನ್ನು ಅವರು ಕಂಡುಕೊಂಡಿದ್ದರು.

ಇಂದಿನ ವೈದ್ಯವಿಜ್ಞಾನ ಹೇಳುವಂತೆ ಜೀರ್ಣಾಂಗದ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳ ಜಾಲವಿದ್ದು, ಅದು ಮಿದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತದೆ. ಭಯ ಆವರಿಸಿದಾಗ ರಕ್ತವು ಸ್ನಾಯುಗಳತ್ತ ಹರಿಯುತ್ತದೆ. ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಚುರುಕಾಗುತ್ತದೆ. ಆದ್ದರಿಂದಲೇ ಒಬ್ಬರಿಗೆ ಹೊಟ್ಟೆ ಭಾರ, ಮತ್ತೊಬ್ಬರಿಗೆ ಭೇದಿ.

ದೇಹಪಾಲನೆ ಜೈನಧರ್ಮಕ್ಕೆ ಹೊರತಾದುದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಬಾಹ್ಯ ತಪಸ್ಸಿನ ಆರು ಬಗೆಗಳಲ್ಲಿ ಅವಮೌದರ್ಯವೂ ಒಂದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂದು ಎಣಿಸಿ, ಅದಕ್ಕಿಂತ ಕಡಿಮೆ ಉಣ್ಣುವುದೇ ಈ ತಪಸ್ಸು. ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಬಿಟ್ಟವನಿಗೆ ಅನ್ನ ಭಾರವಾಗದು.

ರಾತ್ರಿಭೋಜನತ್ಯಾಗ ಪಾಳಿಯವರಿಗೆ ಸುಲಭವಲ್ಲ ನಿಜ. ಆದರೆ ಶ್ರಾವಕನ ವ್ರತ ಯಥಾಶಕ್ತಿಯಾದುದು. ಇರುಳ ಪಾಳಿಗೆ ಹೋಗುವವರು ಸೂರ್ಯನಿರುವಾಗಲೇ ಮುಖ್ಯ ಊಟ ಮುಗಿಸಬಹುದು. ಸಾಮಾಯಿಕದ 48 ನಿಮಿಷ ದೊರೆಯದಿದ್ದರೂ, ತಟ್ಟೆಯ ಮುಂದೆ ಕುಳಿತು ಣಮೋಕಾರ ಮಂತ್ರವನ್ನು ಒಮ್ಮೆ ಸ್ಮರಿಸಿ, ನಾಲ್ಕಾರು ಬಾರಿ ನಿಧಾನವಾಗಿ ಉಸಿರಾಡಬಹುದು. ದೀರ್ಘ ಉಸಿರು ನರಗಳನ್ನು ಶಾಂತಗೊಳಿಸಿ ಜೀರ್ಣಕ್ರಿಯೆಗೆ ಅನುವು ಮಾಡುತ್ತದೆ. ಊಟದ ಹೊತ್ತಿನಲ್ಲಿ ಸಾಲದ ಮಾತು, ಮಕ್ಕಳ ಅಂಕಗಳ ವಿಚಾರಣೆ ಬೇಡ. ಉಣ್ಣುವವರನ್ನು ನೋಯಿಸುವ ಮಾತೂ ಹಿಂಸೆಯೇ.

ಎಲ್ಲ ಹೊಟ್ಟೆನೋವಿಗೂ ಚಿಂತೆಯೇ ಮೂಲವೆಂದು ಸುಮ್ಮನಿರಬಾರದು. ಜಠರದ ಹುಣ್ಣಿಗೆ ಹಲವು ವೇಳೆ ಸೂಕ್ಷ್ಮಾಣುವೇ ಕಾರಣ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಬಿಡದ ವಾಂತಿ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ರೋಗವನ್ನು ಮುಚ್ಚಿಟ್ಟು ಸಹಿಸುವುದು ತಪಸ್ಸಲ್ಲ. ಗಣಿಗೆ ಇಳಿದವನ ಕ್ಷೇಮವು ಮನೆಯವರ ಕೈಯಲ್ಲಿಲ್ಲ. ಅವನು ಹೊರಡುವ ಮುನ್ನ ನೆಮ್ಮದಿಯಿಂದ ಉಣ್ಣುವಂತೆ ಮಾಡುವುದು ಅವರ ಕೈಯಲ್ಲಿದೆ.