ಗುಂಯ್‌ಗುಡುವವರಿಗಷ್ಟೇ ಪರಾಗ

ಹುಬ್ಬಳ್ಳಿ–ಧಾರವಾಡದ ಸುತ್ತಲಿನ ಬದನೆ ಹೊಲಗಳಲ್ಲಿ ಬೆಳಗಿನ ಹೊತ್ತು ಗಮನವಿಟ್ಟು ನೋಡಬೇಕು. ತುಡುವೆ ಜೇನು ನೇರಳೆ ಹೂವಿನ ಮೇಲೆ ಕೂತು, ಅಲ್ಲಿಲ್ಲಿ ಉದುರಿದ ಪರಾಗ ಹೆಕ್ಕಿ ಹೊರಟುಬಿಡುತ್ತದೆ. ಮೈಮೇಲೆ ನೀಲಿ ಪಟ್ಟೆಗಳಿರುವ ಒಂಟಿ ಜೇನಿನ ವರಸೆಯೇ ಬೇರೆ. ಹೂವಿನ ನಡುವಿನ ಹಳದಿ ಕೇಸರಗಳನ್ನು ಬಾಯಿಂದ ಕಚ್ಚಿ ಹಿಡಿದು, ಮೈ ಬಾಗಿಸಿ ಅಪ್ಪಿಕೊಳ್ಳುತ್ತದೆ. ರೆಕ್ಕೆ ಬಡಿಯದೆ ಹಾರಾಟದ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಗುಂಯ್ ಎಂಬ ಸಣ್ಣ ಸದ್ದು, ಅದರ ಬೆನ್ನಿಗೇ ಹೊಟ್ಟೆಯ ಕೂದಲಿಗೆಲ್ಲ ಪರಾಗ.

ಬದನೆ ಹೂವಿನಲ್ಲಿ ಮಕರಂದವಿಲ್ಲ, ಕೊಡಲು ಇರುವುದು ಪರಾಗವೊಂದೇ. ಆ ಪರಾಗ ಜೇನಿನ ಮರಿಗಳಿಗೆ ಆಹಾರ, ಗಿಡಕ್ಕೆ ಸಂತಾನದ ದಾರಿ. ಕೈಗೆ ಸಿಕ್ಕಷ್ಟನ್ನೂ ದೋಚುವ ಕೀಟಗಳ ನಡುವೆ, ಪರಾಗವನ್ನು ಬಿಗಿಹಿಡಿದು ಸ್ವಲ್ಪಸ್ವಲ್ಪವೇ ಬಿಟ್ಟ ಗಿಡಗಳಿಗೆ ಹೆಚ್ಚು ಬೀಜ ಕಟ್ಟಿತು. ಆ ಗುಣವೇ ಪೀಳಿಗೆಯಿಂದ ಪೀಳಿಗೆಗೆ ಉಳಿದು ಬಲಿಯಿತು. ಅದುರಿಸಿದರೆ ಪರಾಗ ಹೊರಬಿಡುವ, ಪರಾಗಕೋಶದ ತುದಿಯ ಸಣ್ಣ ರಂಧ್ರ ಹುಟ್ಟಿದ್ದು ಹೀಗೆ ಎಂಬುದು ವಿಜ್ಞಾನಿಗಳ ವಿವರಣೆ. ಜಗತ್ತಿನ ಸುಮಾರು 20,000 ಸಸ್ಯಪ್ರಭೇದಗಳಲ್ಲಿ ಇಂಥದೇ ವ್ಯವಸ್ಥೆಯಿದೆ.

ರಸ್ತೆಬದಿಯ ತಂಗಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಹಳದಿ ಹೂವಿನಲ್ಲಿ ಕೇಸರಗಳೆಲ್ಲ ಒಂದೇ ಅಳತೆಯವಲ್ಲ. ನಡುವಿನ ಗಿಡ್ಡ ಕೇಸರಗಳನ್ನು ಕರಿ ದುಂಬಿ ಅದುರಿಸಿ ಮರಿಗಳಿಗೆ ಬುತ್ತಿ ಕಟ್ಟಿಕೊಳ್ಳುತ್ತಿದ್ದರೆ, ಕೆಳಗಿನ ಉದ್ದ ಕೇಸರಗಳು ಅದರ ಮೈಗೆ ಪರಾಗ ಹಚ್ಚುತ್ತವೆ. ದುಂಬಿಯ ಕಾಲು ತಲುಪದ ಜಾಗದಲ್ಲಿ ಕೂತ ಆ ಪರಾಗವೇ ಮುಂದಿನ ಹೂವಿಗೆ ಸಲ್ಲುವುದು. ಹೂವಿನೊಳಗಿನ ಈ ಕೆಲಸದ ಹಂಚಿಕೆ 19ನೇ ಶತಮಾನದ ಉತ್ತರಾರ್ಧದಲ್ಲಿ ವಿಜ್ಞಾನಿಗಳಾದ ಹರ್ಮನ್ ಮ್ಯುಲರ್ ಮತ್ತು ಡಾರ್ವಿನ್ ಇಬ್ಬರ ಕುತೂಹಲವನ್ನೂ ಕೆರಳಿಸಿತ್ತು.

ಮುತ್ತುಗದ ಕೆಂಪು ಹೂವಿನ ಕಥೆ ಬೇರೆ. ಜೇನಿನ ಕಣ್ಣಿಗೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ, ಹಕ್ಕಿಗಳಿಗೆ ಚೆನ್ನಾಗಿ ಕಾಣುತ್ತದೆ. ಎಲೆ ಉದುರಿದ ಕೊಂಬೆಗಳ ಮೇಲಿನ ಆ ಕೆಂಡದ ಬಣ್ಣ ಕರೆಯುವುದು ಸೂರಕ್ಕಿ, ಗೊರವಂಕಗಳನ್ನು.

ಜೇನಿಗೆ ಇನ್ನೊಂದು ಅಭ್ಯಾಸವಿದೆ. ಒಂದು ಸುತ್ತಿಗೆ ಹೊರಟರೆ ಬಹುಮಟ್ಟಿಗೆ ಒಂದೇ ಜಾತಿಯ ಹೂವನ್ನು ಹುಡುಕಿಕೊಂಡು ಹೋಗುತ್ತದೆ. ಅರಿಸ್ಟಾಟಲ್ ಕೂಡ ಇದನ್ನು ಬರೆದಿಟ್ಟಿದ್ದಾನೆ. ಹಾಗಾಗಿ ಬಣ್ಣ, ವಾಸನೆ, ಆಕಾರಗಳಲ್ಲಿ ನೆರೆಯ ಹೂವಿಗಿಂತ ಭಿನ್ನವಾಗಿ ನೆನಪಿನಲ್ಲಿ ಉಳಿಯುವ ಹೂವಿನ ಪರಾಗ ತನ್ನವರನ್ನೇ ಸೇರುತ್ತದೆ. ಗುರೆಳ್ಳಿಗೆ ಈ ಅಭ್ಯಾಸವೇ ಆಧಾರ. ಒಂದು ಗಿಡದ ಪರಾಗದಿಂದ ಅದೇ ಗಿಡದಲ್ಲಿ ಕಾಳು ಕಟ್ಟುವುದು ತೀರ ವಿರಳ. ರೊಟ್ಟಿಯ ಜೊತೆಗಿನ ಗುರೆಳ್ಳು ಚಟ್ನಿಯ ಹಿಂದೆ ಗಿಡದಿಂದ ಗಿಡಕ್ಕೆ ಓಡಾಡಿದ ಜೇನು ಇದ್ದೇ ಇರುತ್ತದೆ.

ಕೀಟಗಳ ಓಡಾಟ ಕಡಿಮೆಯಾದರೆ ಹೂವೂ ಬದಲಾಗುತ್ತದೆ, ಅದೂ ಬೇಗ. ಪ್ಯಾರಿಸ್ ಸುತ್ತಲಿನ ಹೊಲಗಳ ಒಂದು ಪುಟ್ಟ ಕಾಡುಹೂವಿನ ಹಳೆಯ ಬೀಜಗಳನ್ನೂ 2021ರ ಬೀಜಗಳನ್ನೂ ಒಟ್ಟಿಗೆ ಬೆಳೆಸಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎರಡು ಮೂರು ದಶಕಗಳಲ್ಲೇ ಹೂವು ಸುಮಾರು ಶೇ 10ರಷ್ಟು ಕಿರಿದಾಗಿತ್ತು, ಮಕರಂದ ಶೇ 20ರಷ್ಟು ಇಳಿದಿತ್ತು, ಸ್ವಪರಾಗಸ್ಪರ್ಶ ಹೆಚ್ಚಿತ್ತು. ಆ ಹೂವಿಗೆ ಮೊದಲಿನಿಂದಲೂ ತನ್ನ ಪರಾಗ ತನಗೇ ಒಗ್ಗುತ್ತಿತ್ತು. ಗುರೆಳ್ಳಿಗೆ ಅಂಥ ಹಿಂಬಾಗಿಲಿಲ್ಲ. ಜೇನು ಬಾರದ ವರ್ಷ ಅದರ ಹೂವು ಅರಳಿದರೂ ಕಾಳು ಜೊಳ್ಳಾಗುತ್ತದೆ.